ಹಾಲುಗಂಬದ ಗುಳಿ

ಮೊಮ್ಮಗಳು ರಮ್ಯನ ಮದುವೆಗೆ ಮೈಸೂರಿನಲ್ಲಿ ಒಂದು ದೊಡ್ಡ ಕನ್ವೆನ್ಷನ್ ಹಾಲ್ ಗೊತ್ತು ಮಾಡಿದ್ದರು. ಮದುವೆಗೆ ಇನ್ನೂ ಒಂದು ವಾರ ಇರುವಾಗ, "ಬಾ ಅಜ್ಜಿ, ನೀನೂ ಒಂದ್ಸಲ ನೋಡು. ಆಮೇಲೆ ಅಲ್ಲಿಗೆ ಬಂದು ಅದು ಸರಿಯಿಲ್ಲ ಇದು ಸರಿಯಿಲ್ಲ ಅಂತ ಶುರು ಮಾಡ್ಬೇಡ" ಅಂತ ಕಾರಿನಲ್ಲಿ ಕೂರಿಸಿಕೊಂಡು ಹೋದಳು. ನಾನು ಎಲ್ಲದಕ್ಕೂ ಕೊಂಕು ತೆಗೀತೀನಿ ಅಂತ ನಮ್ಮ ಮನೆಯಲ್ಲಿ ಒಂದು ಮಾತಿದೆ. ಸುಳ್ಳೇನಲ್ಲ ಬಿಡಿ.

ಕೋಟು ಹಾಕಿದ್ದ ಒಬ್ಬ ಹುಡುಗಿ ನಮ್ಮನ್ನು ಸುತ್ತಾಡಿಸಿದಳು. ಅರಳು ಹುರಿದ ಹಾಗೆ ಮಾತು. ಮೊದಲು ಕಾರು ನಿಲ್ಲಿಸೋ ಜಾಗ ತೋರಿಸಿದಳು, ನೆಲದ ಕೆಳಗೆ ಎರಡು ಅಂತಸ್ತು. ನಮ್ಮೂರಿನ ಗಾಡಿಗಳನ್ನೆಲ್ಲ ಎತ್ತು ಸಮೇತ ತಂದು ಬಿಟ್ಟರೂ ಒಂದು ಮೂಲೆ ತುಂಬುತ್ತಿರಲಿಲ್ಲ. ಆಮೇಲೆ ಲಿಫ್ಟು. ಕಾಲಿಲ್ಲದವರಿಗೆ ಗಾಲಿಕುರ್ಚಿ, ಅದು ಹತ್ತೋದಕ್ಕೆ ಇಳಿಜಾರು. ಹೆಣ್ಣಿನ ಕಡೆಗೊಂದು, ಗಂಡಿನ ಕಡೆಗೊಂದು ಅಲಂಕಾರದ ಕೋಣೆ, ಗೋಡೆ ತುಂಬ ಕನ್ನಡಿ. ಕೂಸುಗಳನ್ನು ಮಲಗಿಸೋದಕ್ಕೂ ಒಂದು ರೂಮು. ಊಟದ ಹಾಲಿನಲ್ಲಿ ಕೈ ಚಾಚಿದರೆ ತಾನೇ ನೀರು ಬಿಡೋ ನಲ್ಲಿ. ಕರೆಂಟು ಹೋದರೆ ರೆಪ್ಪೆ ಮಿಟುಕಿಸೋದರೊಳಗೆ ಜನರೇಟರು.

ಕೊನೆಗೆ ದೊಡ್ಡ ಸಭಾಂಗಣ. ಅದರ ಮಧ್ಯದಲ್ಲೊಂದು ಗೋಡೆ. ಹುಡುಗಿ ಗುಂಡಿ ಒತ್ತಿದಳು, ಗೋಡೆ ಸದ್ದಿಲ್ಲದೆ ಸರಿದುಕೊಂಡು ಹೋಯಿತು.

"ಈ ಕಡೆ ಮದುವೆ, ಆ ಕಡೆ ಡಾಕ್ಟರುಗಳ ಸಮ್ಮೇಳನ ಇಟ್ಕೊಂಡ್ರೂ ಒಬ್ಬರ ಸದ್ದು ಇನ್ನೊಬ್ಬರಿಗೆ ಕೇಳಲ್ಲ ಅಜ್ಜಿ" ಅಂದಳು.

ನನಗೆ ನಗು ತಡೆಯಲಾಗಲಿಲ್ಲ. ನಮ್ಮಪ್ಪ ಗಾರೆ ಕೆಲಸದವನು. ಕಟ್ಟಿದ ಗೋಡೆ ಒಂದು ನೂಲಿನಷ್ಟು ಆಚೀಚೆ ಆದರೂ ಆವತ್ತು ಊಟ ಬಿಡುತ್ತಿದ್ದ. ಹೀಗೆ ಗುಂಡಿ ಒತ್ತಿದರೆ ನಡೆಯೋ ಗೋಡೆ ಕಂಡಿದ್ದರೆ ಕರಣೆ ಎಸೆದು ಕಾಡಿಗೆ ಹೋಗುತ್ತಿದ್ದನೇನೋ.

"ಎಲ್ಲಾ ಚೆನ್ನಾಗದೆ ಕಣವ್ವ. ಹಾಲುಗಂಬ ಎಲ್ಲಿ ನೆಡೋದು?" ಅಂತ ಕೇಳಿದೆ.

ಹುಡುಗಿ ಒಂದು ಗಳಿಗೆ ರಮ್ಯನ ಮುಖ ನೋಡಿದಳು. "ಅದಕ್ಕೆ ಸ್ಟೀಲ್ ಬಕೆಟ್ ಇದೆ ಅಜ್ಜಿ. ಮರಳು ತುಂಬಿ, ಸುತ್ತ ರೇಷ್ಮೆ ಬಟ್ಟೆ ಕಟ್ಟಿ ಕೊಡ್ತೀವಿ. ನೆಲಕ್ಕೇನೂ ಆಗಲ್ಲ."

ನೆಲಕ್ಕೇನೂ ಆಗಲ್ಲ. ಸರಿ ಅಂದುಕೊಂಡೆ. ಆಚೆ ಬರುವಾಗ ರಮ್ಯ ಫೋನಿನಲ್ಲಿ ಮಾತಾಡುತ್ತಾ ನಿಂತಳು. ಪಕ್ಕದಲ್ಲೇ ಇನ್ನೊಂದು ಹಾಲ್ ಕಟ್ಟುತ್ತಿದ್ದರು. ಬಾಗಿಲಿಗೆ ನೀಲಿ ಟಾರ್ಪಾಲು ಇಳಿಬಿಟ್ಟಿದ್ದರು. ಅದರ ಸಂದಿಯಿಂದ ಒಂದು ವಾಸನೆ ಬಂತು ನೋಡಿ. ಆಗತಾನೆ ಬಿಗಿದ ಸಿಮೆಂಟಿನ ಮೇಲೆ ನೀರು ನಿಲ್ಲಿಸಿದರೆ ಬರುತ್ತಲ್ಲ, ಆ ತಣ್ಣನೆ ವಾಸನೆ. ನಮ್ಮಪ್ಪನ ಅಂಗಿ, ಟವೆಲ್ಲು, ತಲೆಗೂದಲು ಎಲ್ಲ ಅದೇ ವಾಸನೆ. ಅಲ್ಲೇ ಟಾರ್ಪಾಲು ಹಿಡಿದುಕೊಂಡು ನಿಂತುಬಿಟ್ಟೆ.

ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟ ಮರುವರ್ಷ ಅದು. ನನಗೆ ಇಪ್ಪತ್ತು ತುಂಬಿತ್ತು. ಬಿಳಿಕೆರೆಯಲ್ಲಿ ಬಸ್ಸಿಳಿದು ಒಳಕ್ಕೆ ಮೂರು ಮೈಲಿ ನಡೆದರೆ ನಮ್ಮೂರು. ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಮನೆಯಲ್ಲಿ ಅಪ್ಪ, ನಾನು, ಇಬ್ಬರೇ. ಅಪ್ಪನ ಹೆಸರು ಸಿದ್ದಪ್ಪ, ಸುತ್ತಲ ಊರಿಗೆಲ್ಲ ಗಾರೆ ಸಿದ್ದಪ್ಪ. ಹುಣಸೂರಿನ ತನಕ ಊರವರ ಮನೆಗಳಿಗೆಲ್ಲ ಗೋಡೆ ಎಬ್ಬಿಸಿದವನು, ಹೊಗೆಸೊಪ್ಪು ಬೇಯಿಸೋ ಬ್ಯಾರನ್ನುಗಳನ್ನು ಕಟ್ಟಿದವನು. ನಮ್ಮ ಮನೆ ಮಾತ್ರ ಸಗಣಿ ಸಾರಿಸಿದ ಮಣ್ಣಿನ ನೆಲ. "ಒಲೆ ಮುಂದಾದ್ರೂ ವಸಿ ಕೆಂಪು ನೆಲ ಮಾಡ್ಕೊಡಪ್ಪ" ಅಂತ ನಾನು ಕೇಳೋದು, "ಮಾಡಾನ ಬುಡವ್ವ" ಅಂತ ಅವನು ಅನ್ನೋದು. ವರ್ಷಗಟ್ಟಲೆ ಇದೇ ನಡೆದಿತ್ತು.

ಆ ವರ್ಷ ದೀಪಾವಳಿ ಕಳೆದ ಮೇಲೆ ನಮ್ಮೂರಿಗೆ ಸರ್ಕಾರದಿಂದ ಸಮುದಾಯ ಭವನ ಬಂತು. ಓವರ್ಸಿಯರ್ರು ಅರಳಿಕಟ್ಟೆ ಮೇಲೆ ನಕ್ಷೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟು, ಭವನದಲ್ಲಿ ಏನೇನು ಸೌಕರ್ಯ ಇರುತ್ತೆ ಅಂತ ಓದಿದರು. ಮುನ್ನೂರು ಜನ ಕೂರೋ, ಸೂರಿರೋ ಒಳ ಅಂಗಳ, ಮೊಣಕಾಲೆತ್ತರದ ವೇದಿಕೆ, ವೇದಿಕೆಯ ಎರಡು ಪಕ್ಕಕ್ಕೆ ಎರಡು ಕೋಣೆ, ಹಿಂದುಗಡೆ ಆರು ಒಲೆಯ ಅಡಿಗೆಮನೆ, ಹನ್ನೆರಡು ಕಿಟಕಿ, ಮಂಗಳೂರು ಹೆಂಚು, ಕೆಂಪು ನೆಲ. ಊರವರು ಬಿಡ್ತಾರಾ? ಒಬ್ಬೊಬ್ಬರೂ ಒಂದೊಂದು ಕೇಳಿದರು. ನಾಟಕದವರು ಪರದೆ ಎಳೆಯೋದಕ್ಕೆ ಕೊಕ್ಕೆ ಬೇಕು ಅಂದರು. ಅಡಿಗೆಯವರು ಕಡಾಯಿ ಇಳಿಸೋಕೆ ಕಟ್ಟೆ ಬೇಕು ಅಂದರು. ಒಬ್ಬ ಮುದುಕ ಎದ್ದು ನಿಂತು, ಎಲೆ ಅಡಿಕೆ ಉಗಿಯೋಕೆ ಜಾಗ ಎಲ್ಲಿ ಅಂತ ಕೇಳಿದ, ಅದನ್ನೂ ಬರೆದುಕೊಂಡರು. ಆದರೆ ಹಾಲುಗಂಬದ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ಅಪ್ಪನ ಬಾಯಲ್ಲೂ ಬರಲಿಲ್ಲ. ಮದುವೆ ಅಂದಮೇಲೆ ಸೋದರಮಾವ ಹಾಲು ಒಸರೋ ಮರದ ಕೊಂಬೆ ಕಡಿದುಕೊಂಡು ಬಂದು ಚಪ್ಪರದಲ್ಲಿ ಊರಬೇಕು, ಮುತ್ತೈದೆಯರು ಬುಡಕ್ಕೆ ಹಾಲು ತುಪ್ಪ ಬಿಡಬೇಕು, ಅದರ ಮುಂದೆಯೇ ಧಾರೆ. ಊರಿಗೆಲ್ಲ ಗೊತ್ತಿರೋದೇ. ಆದರೆ ಕಂಬ ಊರೋದಕ್ಕೆ ಜಾಗ ಕೊಡಿ ಅಂತ ಯಾರು ಕೇಳ್ತಾರೆ? ಮನೆ ಮುಂದೆ ಮಣ್ಣಿರುತ್ತೆ, ಗುಳಿ ತೋಡಿ ಊರ್ತಾರೆ, ಅಷ್ಟೆ.

ಗಾರೆ ಮತ್ತು ನೆಲದ ಕೆಲಸ ಅಪ್ಪನಿಗೆ ಸಿಕ್ಕಿತು. ನಾನೂ ಗಾರೆ ಬಾಂಡ್ಲಿ ಹೊರೋಕೆ ಹೋದೆ. ನನ್ನ ಜೊತೆಗೆ ಬೊಮ್ಮಿ ಅಂತ ಒಬ್ಬಳಿದ್ದಳು, ಕಾಕನಕೋಟೆ ಕಾಡಿನಂಚಿನ ಹಾಡಿಯವಳು, ಗಂಡನ ಜೊತೆ ಕೂಲಿಗೆ ಬಂದಿದ್ದಳು. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು. ಶಿವರಾತ್ರಿ ಹೊತ್ತಿಗೆ ಹೆಂಚು ಹೊದಿಸಿದಾಗ ಮಧ್ಯದಲ್ಲಿ ನಿಂತು, ಸೊಂಟಕ್ಕೆ ಕೈಕೊಟ್ಟುಕೊಂಡು ಮೇಲೆ ನೋಡಿ, "ಈಟು ಜಾಗಕ್ಕೆ ಸೂರು ಹಾಕ್ಬುಟ್ರಲ್ಲ, ಪಾಪ, ಮಳೆ ಎಲ್ಲಿಗೋಗ್ಬೇಕು?" ಅಂದಳು. ಮಾತು ಕಮ್ಮಿ ಆಡೋ ನಮ್ಮಪ್ಪನೂ ಆವತ್ತು ಗಟ್ಟಿಯಾಗಿ ನಕ್ಕ.

ಇನ್ನು ಆ ನೆಲದ ವಿಚಾರ. ಅಪ್ಪನಿಗೆ ಆ ಭವನದಲ್ಲಿ ಬೇರೆ ಏನೂ ಬೇಕಿರಲಿಲ್ಲ, ನೆಲ ಒಂದೇ. ಬಾಗಿಲ ಪಕ್ಕದ ಕಲ್ಲಿನಲ್ಲಿ ಮಂತ್ರಿಗಳ ಹೆಸರು, ಪಂಚಾಯ್ತಿ ಚೇರ್ಮನ್ನರ ಹೆಸರು, ಕಂಟ್ರಾಕ್ಟರ ಹೆಸರು ಎಲ್ಲ ಕೆತ್ತಿದ್ದರು. ಅಪ್ಪನ ಹೆಸರನ್ನು ಯಾರು ಕೆತ್ತಬೇಕು? ಸಿಮೆಂಟಿಗೆ ಕೆಂಪುಪುಡಿಯನ್ನು ಒಂದೇ ಸಲಕ್ಕೆ ಬೆರೆಸಿ, ಜರಡಿ ಹಿಡಿದು, ಡಬ್ಬಗಳಿಗೆ ತುಂಬಿಟ್ಟಿದ್ದ. ದಿನಾ ಬೆರೆಸಿದರೆ ದಿನಕ್ಕೊಂದು ಬಣ್ಣ ಆಗುತ್ತಂತೆ. ವೇದಿಕೆಯ ಕಡೆಯಿಂದ ಶುರು ಮಾಡಿ ಬಾಗಿಲ ಕಡೆಗೆ ಮಂಡಿಯೂರಿಕೊಂಡು ಹಿಂದೆ ಹಿಂದೆ ಬರುತ್ತಾ ಕರಣೆಯಲ್ಲಿ ತಿಕ್ಕಿ ತಿಕ್ಕಿ ನಯ ಮಾಡಿದ. ಸುತ್ತ ಗೇಣಗಲ ಕಪ್ಪು ಅಂಚು. ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿದ್ದನ್ನು ನಾನೂ ಬೊಮ್ಮಿಯೂ ಇಪ್ಪತ್ತೊಂದು ದಿನ ಆರದ ಹಾಗೆ ನೋಡಿಕೊಂಡೆವು. ಆಮೇಲೆ ಮೂವರೂ ಕೂತು ಕೊಬ್ಬರಿ ಎಣ್ಣೆ ಅದ್ದಿದ ಗೋಣಿಯಲ್ಲಿ ಉಜ್ಜಿದೆವು, ಒಂದು ಪಕ್ಷ. ಯುಗಾದಿ ಕಳೆದು ಕಿಟಕಿ ತೆಗೆದರೆ, ನೆಲದೊಳಗೆ ಇನ್ನೊಂದು ಸಾಲು ಕಿಟಕಿ ಕಾಣ್ತಿತ್ತು ಕಣ್ರೀ. ಬೊಮ್ಮಿ ಬಗ್ಗಿ ಅದರಲ್ಲೇ ಮುಖ ನೋಡಿಕೊಂಡು ಕುಂಕುಮ ಸರಿ ಮಾಡಿಕೊಂಡಳು.

ಅಲ್ಲಿಂದ ಅಪ್ಪ ಯಾರನ್ನೂ ಚಪ್ಪಲಿ ಹಾಕಿಕೊಂಡು ಒಳಗೆ ಬಿಡಲಿಲ್ಲ. ಓವರ್ಸಿಯರ್ರೂ ಬೂಟು ಬಿಚ್ಚಿಯೇ ಬಂದರು. ನೋಡಿ ಖುಷಿಪಟ್ಟು, ಜೊತೆಗೊಂದು ಬೆದರಿಕೆಯನ್ನೂ ಹಾಕಿ ಹೋದರು. "ಮಂತ್ರಿಗಳು ಬಂದು ಉದ್ಘಾಟನೆ ಮಾಡೋ ತನಕ ಒಂದು ಗೀರು ಬಿದ್ದಿರಬಾರ್ದು ಸಿದ್ದಪ್ಪ. ಬಿತ್ತೋ, ಈ ತಾಲ್ಲೂಕಲ್ಲಿ ನಿಂಗೆ ಇನ್ನೊಂದು ಸರ್ಕಾರಿ ಕೆಲಸ ಸಿಗಲ್ಲ, ತಿಳ್ಕೊ." ಅಪ್ಪ ತಲೆಯಾಡಿಸಿದ. ಬೆರೆಸಿಟ್ಟದ್ದರಲ್ಲಿ ಮಿಕ್ಕಿದ್ದ ಒಂದು ಡಬ್ಬ ಕೆಂಪುಪುಡಿಯನ್ನು ಕಂಟ್ರಾಕ್ಟರು ಅವನಿಗೇ ಬಿಟ್ಟರು. ಮನೆಗೆ ತಂದು ಅಟ್ಟದ ಮೇಲಿಟ್ಟು, "ತಕ್ಕೋ, ನಿನ್ ಒಲೆ ಮುಂದಕ್ಕೆ ಆಯ್ತು" ಅಂದ.

ಅದೇ ಹೊತ್ತಿಗೆ ನನಗೆ ಸಂಬಂಧ ಕೂಡಿಬಂತು. ಅದಕ್ಕೆ ಮುಂಚೆ ಒಂದು ಬಂದು ಮುರಿದಿತ್ತು. ತಾಯಿ ಇಲ್ಲದ ಹುಡುಗಿ, ಬಾಂಡ್ಲಿ ಹೊರೋಳು ಅಂತ ಎಲೆ ಅಡಿಕೆ ಬದಲಾಯಿಸಿದ ಮೇಲೆ ಬೇಡ ಅಂದಿದ್ದರು. ಈ ಸಲ ಸಾಲಿಗ್ರಾಮದ ಕಡೆಯವರು. ಹುಡುಗ ಶಿವಣ್ಣ, ಕೆ.ಆರ್. ನಗರದ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸ. ತಂದೆ ತಾಯಿ ಇಲ್ಲ, ಸಾಕಿದವಳು ಅಜ್ಜಿ. ಹೆಣ್ಣು ನೋಡೋಕೆ ಬಂದ ಅಜ್ಜಿ ಮುಖ ನೋಡೋದು ಬಿಟ್ಟು ನನ್ನ ಎರಡೂ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದಳು. ಬೆರಳ ಸಂದಿಯಲ್ಲೆಲ್ಲ ಸಿಮೆಂಟು ತಿಂದ ಗಾಯ. ಕೈ ಹಿಂದಕ್ಕೆಳೆದುಕೊಳ್ಳೋಕೆ ನೋಡಿದೆ, ಅಜ್ಜಿ ಬಿಡಲಿಲ್ಲ. ಅಜ್ಜಿ, "ಕೈಯಿ ಕೆಲ್ಸ ಕಂಡದೆ. ಆಯ್ತು ಬುಡು" ಅಂದಳು. ಆ ಮಾತಿಗೆ ಹುಡುಗ ತಲೆ ತಗ್ಗಿಸಿಕೊಂಡು ನಕ್ಕ. ನನಗೆ ಅವನು ಅಲ್ಲೇ ಮನಸ್ಸಿಗೆ ಬಂದುಬಿಟ್ಟ, ಮುಚ್ಚುಮರೆ ಯಾಕೆ.

ಜ್ಯೇಷ್ಠದ ಕೊನೆಗೆ ಮುಹೂರ್ತ. ಅದು ತಪ್ಪಿದರೆ ಆಷಾಢ, ಒಂದು ತಿಂಗಳು ಮದುವೆ ಇಲ್ಲ. ಒಂದು ಸಲ ಮುರಿದ ಹುಡುಗಿಗೆ ಒಂದು ತಿಂಗಳು ಅಂದರೆ ಏನು ಬೇಕಾದರೂ ಆಗಬಹುದು, ಅದು ನನಗೂ ಗೊತ್ತು, ಅಪ್ಪನಿಗೂ ಗೊತ್ತು.

ಮದುವೆಗೆ ಮೂರು ದಿನ ಇರುವಾಗ ಶುರುವಾಯಿತು ಮಳೆ. ಗಾಳಿ ಅಂದರೆ ಅಂಥಿಂಥ ಗಾಳಿಯಲ್ಲ. ಊರವರೆಲ್ಲ ಸೇರಿ ಹಾಕಿದ್ದ ಚಪ್ಪರ ಮಗುಚಿಕೊಂಡು ಪಕ್ಕದವರ ಹಿತ್ತಲಿಗೆ ಹೋಗಿ ಬಿತ್ತು. ಮನೆ ಮುಂದೆ ಮೀನಖಂಡದವರೆಗೆ ಕೆಸರು. ಚಪ್ಪರದ ಶಾಸ್ತ್ರದ ದಿನ ಬೆಳಿಗ್ಗೆ ಚೇರ್ಮನ್ನರೇ ಕೊಡೆ ಹಿಡಿದುಕೊಂಡು ಬಂದು ಭವನದ ಬೀಗದ ಕೈ ಅಪ್ಪನ ಕೈಗಿಟ್ಟರು. "ಉದ್ಘಾಟನೆ ಆಗ್ದಿದ್ರೆ ಕತ್ತೆ ಬಾಲ. ನೆಲ ಮಾಡ್ದೋನ ಮಗ್ಳ ಮದ್ವೆಗಿಲ್ದಿದ್ದು ಇನ್ಯಾರಿಗೆ? ತಕ್ಕಳಯ್ಯ" ಅಂದರು. ಅಪ್ಪನಿಗೆ ಕಣ್ಣಲ್ಲಿ ನೀರು ಬಂತು.

ಬೊಮ್ಮಿ ಬಾಗಿಲಲ್ಲಿ ನೀರು ಇಟ್ಟುಕೊಂಡು ಕೂತು ಬಂದವರಿಗೆಲ್ಲ ಕಾಲು ತೊಳೆಸಿ ಒಳಗೆ ಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಗಂಡಿನ ಕಡೆಯವರು ಲಾರಿಯಲ್ಲಿ ಬಂದಿಳಿದರು. ನನ್ನ ಸೋದರಮಾವ ನಿಂಗಣ್ಣ ಹಸಿ ಅತ್ತಿ ಕೊಂಬೆ ಹೊತ್ತುಕೊಂಡು, ಮೈಯೆಲ್ಲ ನೀರು ಸುರಿಸುತ್ತಾ ಅಂಗಳದ ಮಧ್ಯಕ್ಕೆ ಬಂದು ನಿಂತ. ನೆಲ ನೋಡಿದ. ಮೇಲೆ ನೋಡಿದ. ಮತ್ತೆ ನೆಲ ನೋಡಿದ.

"ಬಾವಾ, ಇದ್ನ ಎಲ್ಲೂರ್ಲಿ?" ಅಂದ.

ಎಲ್ಲರೂ ತಲೆ ಬಗ್ಗಿಸಿ ನೆಲ ನೋಡಿದರು. ಆಮೇಲೆ ಯಾರೋ ಕಿಸಕ್ಕೆಂದರು, ಎಲ್ಲರೂ ನಕ್ಕುಬಿಟ್ಟರು. ಅಲ್ಲಾ, ಅರಳಿಕಟ್ಟೆ ಮೇಲೆ ಊರಿಗೆ ಊರೇ ಕೂತು ಉಗಿಯೋ ಜಾಗ ಬರೆಸಿದ್ದರಲ್ಲ! ಅಪ್ಪ ಮಾತ್ರ ನಗಲಿಲ್ಲ. ತನ್ನ ಹಣೆಗೆ ತಾನೇ ಹೊಡೆದುಕೊಂಡ.

ನಿಂಗಣ್ಣ ಮಾವ ಯಾರದೋ ಮನೆಯಿಂದ ರಾಗಿ ಅಳೆಯೋ ಹಿತ್ತಾಳೆ ಕೊಳಗ ತರಿಸಿ, ಅದಕ್ಕೆ ಕೆಸರು ತುಂಬಿ, ಕೊಂಬೆ ಸಿಕ್ಕಿಸಿದ. ಒಂದು ಕಡೆಗೆ ವಾಲಿಕೊಂಡರೂ ಹೇಗೋ ನಿಂತಿತು. ಸಾಲಿಗ್ರಾಮದಜ್ಜಿ ಎಲೆ ಅಡಿಕೆ ಅಗಿಯೋದು ನಿಲ್ಲಿಸಿದಳು.

"ಅದೇನಪ್ಪ ಅದು?"

"ಕಂಬ ಕಣವ್ವ. ನೆಲ ಸಿಮೆಂಟಲ್ವಾ, ಅದುಕ್ಕೇ..."

"ಕೊಳಗದೊಳ್ಗೆ ಸಂಸಾರ ಮಾಡ್ತಾರಾ? ಕಂಬ ನೆಲ ಮುಟ್ಬೇಕು" ಅಂದಳು ಅಜ್ಜಿ. ದನಿ ಏರಿಸಲಿಲ್ಲ. "ನನ್ ಮಗನ್ ಮದ್ವೇಲೂ ಇಂಗೇ ಆಯ್ತು. ಬಂಡೆ ನೆಲ, ಗುಳಿ ಬೀಳಾಕಿಲ್ಲ ಅಂತ ಕಲ್ಲು ಒಟ್ಟಿ ನಿಲ್ಸುದ್ರು. ಧಾರೆ ಒತ್ನಲ್ಲಿ ಕಂಬ ಬಿತ್ತು. ಎರಡೊರ್ಸಕ್ಕೆ ಮಗ ವೋದ, ಇಂದ್ಲೇ ಸೊಸೆನೂ ವೋದ್ಲು. ಈ ಮಗೀನ ನಾನು ಸಾಕ್ದೆ. ಇನ್ನೊಂದ್ ದಪ ಅಂಗೆ ನಾನು ಮಾಡಾಕಿಲ್ಲ ಕಣಪ್ಪ. ಆಷಾಢ ಕಳೀಲಿ, ಮಳೆ ನಿಲ್ಲಲಿ, ನಿಮ್ಮನೆ ಮುಂದ್ಲ ಮಣ್ಣಲ್ಲೇ ಊರಿ ಮಾಡಾನ."

ಆಚೆ ಮಳೆಯಲ್ಲಿ ಕಂಬ ಊರಿ ಒಳಗೆ ಧಾರೆ ಎರೆಯೋಣ ಅಂದರು ಯಾರೋ. "ಕಂಬ ನೆನೀತಾ ನಿಂತಿರ್ಲಿ, ಎಣ್ಣು ಗಂಡು ಒಳಗೆ ಬೆಚ್ಚಗಿರ್ಲಿ ಅಂತೀಯಾ?" ಅಂದಳು ಅಜ್ಜಿ. ಶಿವಣ್ಣ ಬಾಗಿಲ ಹತ್ತಿರ ನಿಂತು ಅಜ್ಜಿ ಮುಖ, ನನ್ನ ಮುಖ ನೋಡುತ್ತಿದ್ದ. ಆ ಅಜ್ಜಿ ಮೇಲೆ ಸಿಟ್ಟು ಮಾಡೋಣ ಅಂದರೆ ನನಗೆ ಸಿಟ್ಟೂ ಬರಲಿಲ್ಲ.

ಅಪ್ಪ ಆಚೆ ಹೋದ. ತಿರುಗಿ ಬಂದಾಗ ಒಂದು ಕೈಯಲ್ಲಿ ಉಳಿ ಸುತ್ತಿಗೆ, ಇನ್ನೊಂದು ಕೈಯಲ್ಲಿ ಒಲೆಯಿಂದ ತಂದ ಇದ್ದಿಲು. ಕೊಳಗದಿಂದ ಕೊಂಬೆ ಕಿತ್ತು ಮಾವನ ಕೈಗೆ ಕೊಟ್ಟ. ಕೊಳಗ ಬರಿದು ಮಾಡಿ, ಅಂಗಳದ ನಟ್ಟನಡುವೆ ಬೋರಲು ಹಾಕಿ, ಅದರ ಸುತ್ತ ಇದ್ದಿಲಲ್ಲಿ ಗೀರಿದ. ಕೊಳಗ ಎತ್ತಿದ. ಆ ಕೆಂಪು ನೆಲದ ಮೇಲೆ ಕಪ್ಪನೆ ಒಂದು ದುಂಡು.

ನನಗೆ ಆಗ ಅರ್ಥವಾಯಿತು. ಮದುವೆ ಹೆಣ್ಣು ಅನ್ನೋದನ್ನೂ ಮರೆತು ಓಡಿಹೋಗಿ ಕೈ ಹಿಡಿದುಕೊಂಡೆ. "ಬ್ಯಾಡ ಕಣಪ್ಪ. ಮುಂದಕ್ಕೋದ್ರೆ ಓಗ್ಲಿ. ಓವರ್ಸಿಯರ್ರು ಸುಮ್ನಿದ್ದಾರಾ? ನಿನ್ ನೆಲ ಕಣಪ್ಪ ಇದು."

ಅಪ್ಪ ನನ್ನ ಕೈ ಬಿಡಿಸಿಕೊಳ್ಳಲಿಲ್ಲ. "ಜನ ನಿಲ್ಲಕ್ಕೆ ಅಂತ ತಾನೇ ಮಾಡಿರದು ಮಗ" ಅಂದ. "ನೀನೇ ನಿಲ್ದಿದ್ರೆ ಯಾತುಕ್ಕಿದು?"

ಮೊದಲ ಏಟು ಬಹಳ ಮೆಲ್ಲಗೆ ಹಾಕಿದ. ಆ ಸದ್ದು ಹನ್ನೆರಡು ಕಿಟಕಿಗೂ ಹೋಗಿ ಬಂತು. ಬೊಮ್ಮಿ ಗೋಡೆ ಕಡೆಗೆ ಮುಖ ತಿರುಗಿಸಿಕೊಂಡಳು. ಇನ್ನೂರು ಜನ ಸುತ್ತ ನಿಂತಿದ್ದಾರೆ. ಅಪ್ಪ ಗೆರೆ ಬಿಟ್ಟು ಒಂದು ಕೂದಲಷ್ಟೂ ಆಚೆ ಹೋಗಲಿಲ್ಲ. ಸುತ್ತಲೂ ಅಂಚು ಬಿಡಿಸಿಕೊಂಡು, ಆಮೇಲೆ ಒಳಗಿನದನ್ನು ಎಬ್ಬಿಸಿದ. ಕೆಂಪು ಪದರ ಬಂತು, ಅದರ ಕೆಳಗೆ ಬೂದು, ಆಮೇಲೆ ಜಲ್ಲಿ, ಮರಳು. ಕೊನೆಗೆ ಮೊಣಕೈವರೆಗೂ ತೋಳು ಇಳಿಬಿಟ್ಟು ಒಂದು ಹಿಡಿ ಕಪ್ಪು ಮಣ್ಣು ತೆಗೆದು, ಮಂಡಿಯೂರಿಕೊಂಡೇ ಅಜ್ಜಿ ಕಡೆಗೆ ಹಿಡಿದ.

"ಅವ್ವಾ, ನೋಡಿ. ನೆಲ."

ಅಜ್ಜಿ ಎದ್ದು ಬಂದಳು. ಮಣ್ಣು ಮುಟ್ಟಿ ನೋಡಿದಳು. ಆಮೇಲೆ ಗುಳಿಯ ಅಂಚಿನ ಮೇಲೆ ಕೈಯಾಡಿಸಿದಳು, ಅಲ್ಲಿಂದ ಆಚೆಗೆ ನೆಲದ ಮೇಲೆಲ್ಲ ಕೈಯಾಡಿಸಿದಳು. ಆಗಲೇ ಅವಳಿಗೆ ಆ ನೆಲ ಎಂಥದು ಅಂತ ಕಂಡಿದ್ದು ಅನಿಸುತ್ತೆ. ಅಲ್ಲೇ ಕೂತುಬಿಟ್ಟಳು. ಅಪ್ಪ ಎಬ್ಬಿಸಿದ್ದ ಚೂರುಗಳನ್ನು ಒಂದೊಂದಾಗಿ ಸೆರಗಿಗೆ ಆಯ್ದುಕೊಳ್ಳುತ್ತಾ, "ನಾನು ಮೊದ್ಲೇ ಮುಟ್ಟಿ ನೋಡಿದ್ರೆ ಬಾಯಿ ಬುಡ್ತಿರ್ನಿಲ್ಲ ಕಣಪ್ಪ, ಪಾಪಿ ಮುಂಡೆ" ಅಂತ ಅತ್ತಳು. ಅಪ್ಪ, "ಅಂಗನ್ಬೇಡಿ ಅವ್ವಾ, ಜಾಗ ಬುಡಾದ್ನೇ ಮರ್ತೋನು ನಾನು" ಅಂದ. ನಿಂಗಣ್ಣ ಮಾವ ಅತ್ತಿ ಕೊಂಬೆ ಊರಿ ಮಣ್ಣು ತುಳಿದು ಬಿಗಿ ಮಾಡಿದ. ಹಿಡಿದು ಅಲ್ಲಾಡಿಸಿ ನೋಡಿದ, ಜಪ್ಪಯ್ಯ ಅನ್ನಲಿಲ್ಲ. ಹೆಂಗಸರು ಹಾಲು ತುಪ್ಪ ಬಿಟ್ಟು ಸೋಬಾನೆ ಶುರು ಮಾಡಿದರು.

ಮಾರನೆಯ ದಿನ ಹೆಂಚಿನ ಮೇಲೆ ಮಳೆ ಸುರಿಯುತ್ತಿರುವಾಗ ಆ ಕಂಬದ ಮುಂದೆ ಧಾರೆ ಆಯಿತು. ಹೊರಡೋ ಮುಂಚೆ ನನ್ನ ಮಡಿಲು ತುಂಬುವಾಗ ಅಜ್ಜಿ ಅಕ್ಕಿ, ಕೊಬ್ಬರಿ, ಬೆಲ್ಲದ ಜೊತೆಗೆ ಬೆರಳಗಲದ ಒಂದು ಕೆಂಪು ಚೂರನ್ನೂ ಹಾಕಿದಳು. "ನಿಮ್ಮಪ್ಪನ ಕೈ ಕೆಲ್ಸ. ಜೋಪಾನ ಕಣವ್ವ" ಅಂದಳು. ಅಪ್ಪ ಲಾರಿ ತನಕ ಬರಲಿಲ್ಲ. ತಿರುಗಿ ನೋಡಿದರೆ, ಭವನದ ಒಳಗೆ ಒಬ್ಬನೇ ಆ ಕಂಬದ ಪಕ್ಕ ಕುಕ್ಕರಗಾಲಲ್ಲಿ ಕೂತು ಕಡಿದ ಅಂಚನ್ನು ಬೆರಳಲ್ಲಿ ಸವರುತ್ತಿದ್ದ. ನಾನು ಅತ್ತದ್ದು ಗಂಡನ ಮನೆಗೆ ಹೋಗ್ತೀನಿ ಅಂತಲ್ಲ.

ಹೊಸ ಮದುವಣಗಿತ್ತಿ ಆಷಾಢಕ್ಕೆ ತವರಿಗೆ ಬರಬೇಕಲ್ಲ, ವಾರದೊಳಗೇ ಬಂದೆ. ಓವರ್ಸಿಯರ್ರಿಗೆ ಗೊತ್ತಾಗಿ ಏನು ರಾದ್ಧಾಂತ ಆಗಿದೆಯೋ ಅಂತ ಒಂದೇ ಉಸಿರಿಗೆ ಭವನಕ್ಕೆ ಓಡಿದೆ. ಒಳಗೆ ಹೋಗಿ ನೋಡಿದರೆ ಗುಳಿಯೇ ಇಲ್ಲ! ಅಂಗಳದ ಮಧ್ಯೆ ಮಂಡಿಯೂರಿ ಕೈಯಲ್ಲಿ ತಡಕಿದೆ. ಬೊಮ್ಮಿ ಬಿದ್ದು ಬಿದ್ದು ನಕ್ಕಳು. ಅಪ್ಪ ಕಂಬ ಕಿತ್ತು, ಗುಳಿಗೆ ಮರಳು ತುಂಬಿ, ಅದೇ ಕೊಳಗಕ್ಕೆ ಒಳಗೆಲ್ಲ ಎಣ್ಣೆ ಸವರಿ, ತಳದಲ್ಲಿ ಎರಡು ಬೆರಳು ದಪ್ಪಕ್ಕೆ ಎರಕ ಹೊಯ್ದು ಮುಚ್ಚಳ ಮಾಡಿದ್ದ. ಗುಳಿ ಗೀರಿದ್ದು ಕೊಳಗದ ಹೊರಗಡೆ, ಮುಚ್ಚಳ ಹೊಯ್ದಿದ್ದು ಒಳಗಡೆ. ಹಾಗಾಗಿ ಎರಡಕ್ಕೂ ನಡುವೆ ಕೊಳಗದ ತಗಡಿನಷ್ಟೇ ಸಂದು. ಬಣ್ಣ ಹೇಗೆ ಕೂಡಿಸಿದೆ ಅಂತ ಕೇಳಿದೆ. ಅಟ್ಟದ ಮೇಲಿನ ಡಬ್ಬ ಖಾಲಿಯಾಗಿತ್ತು. "ನಿನ್ ಒಲೆ ಈಗ ಸಾಲಿಗ್ರಾಮದಲ್ಲಲ್ವಾ ಮಗ" ಅಂದ.

ಮಂತ್ರಿಗಳು ಆಷಾಢದಲ್ಲೇ ಬಂದರು. ಓವರ್ಸಿಯರ್ರು ಅವರನ್ನು ಕರೆದುಕೊಂಡು ಸೌಕರ್ಯಗಳನ್ನೆಲ್ಲ ತೋರಿಸಿದರು, ಪರದೆಯ ಕೊಕ್ಕೆ, ಕಡಾಯಿ ಕಟ್ಟೆ, ಉಗಿಯೋ ಜಾಗ. ಆಮೇಲೆ ಅಂಗಳದ ಮಧ್ಯಕ್ಕೆ ಬಂದು, ಎಲ್ಲೂ ಬೇಡ, ಮುಚ್ಚಳದ ಮೇಲೆಯೇ ಮಂತ್ರಿಗಳನ್ನು ನಿಲ್ಲಿಸಿಕೊಂಡು, "ಈ ನೆಲದಲ್ಲಿ ಒಂದು ಗೀರು ತೋರಿಸಿ ಸಾರ್ ನೋಡೋಣ" ಅಂದರು. ಊರಿಗೆ ಊರೇ ಕೆಮ್ಮಿತು. ಹೆಂಗಸರೆಲ್ಲ ಬಾಯಿಗೆ ಸೆರಗು. ಚೇರ್ಮನ್ನರು ಕಿಟಕಿಯಾಚೆ ಮಳೆ ನೋಡುತ್ತಾ ನಿಂತರು. ಅಪ್ಪ ಬಾಗಿಲ ಹತ್ತಿರ ಕೈಕಟ್ಟಿಕೊಂಡು ನಿಂತಿದ್ದವನು ನನ್ನ ಕಡೆ ನೋಡಿ ಒಂದು ಕಣ್ಣು ಮಿಟುಕಿಸಿದ. ನಮ್ಮಪ್ಪ ಹಾಗೆ ಮಾಡಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

ಆಮೇಲೆ ಸುತ್ತೇಳು ಹಳ್ಳಿಯ ಎಷ್ಟು ಮದುವೆ ಆ ಭವನದಲ್ಲಿ ಆಯಿತೋ. ಚಪ್ಪರದ ದಿನ ಯಾರಾದರೂ ಬಂದು ಕೂಗೋರು, ಅಪ್ಪ ಉಳಿ ಹಿಡಿದುಕೊಂಡು ಹೋಗಿ ತುದಿ ಕೊಟ್ಟು ಮುಚ್ಚಳ ಎತ್ತೋನು. ಮದುವೆ ಮುಗಿದ ಮೇಲೆ ತಾನೇ ಮುಚ್ಚಿ, ಎಣ್ಣೆ ಕೈ ಒರೆಸಿ ಬರೋನು. ಕಣ್ಣು ಮಂಜಾದ ಮೇಲೂ ಬೇರೆಯವರಿಗೆ ಬಿಡಲಿಲ್ಲ, ಕೈಯಲ್ಲೇ ತಡಕಿ ಸಂದು ಹುಡುಕೋನು. ನಮ್ಮ ಮನೆ ಒಲೆ ಮುಂದೆ ಕೊನೆತನಕ ಮಣ್ಣಿನ ನೆಲವೇ. ಅಪ್ಪ ಹೋದ, ಅಜ್ಜಿ ಹೋದಳು, ನಲವತ್ತು ವರ್ಷ ಬಾಳಿಸಿ ನಮ್ಮವರೂ ಹೋದರು. ಆ ಕಂಬ ಗಟ್ಟಿಯಾಗಿಯೇ ನಿಂತಿತ್ತು, ಅದರಲ್ಲಿ ದೂರಿಲ್ಲ. ಹೋದ ವರ್ಷ ಊರಿಗೆ ಹೋದಾಗ ಭವನ ನೋಡಿದೆ. ನೆಲದ ಮೇಲೆ ಬಿಳಿ ಟೈಲ್ಸು ಹಾಕಿಸಿದ್ದಾರೆ. ಮುಚ್ಚಳ ಎಲ್ಲಿತ್ತು ಅಂತ ಹೇಳೋರೂ ಸಿಗಲಿಲ್ಲ.

"ಅಜ್ಜಿ, ಏನಾಯ್ತು? ಯಾಕೆ ಅಳ್ತಿದ್ದೀಯ?" ಅಂತ ರಮ್ಯ ಬಂದು ಭುಜ ಹಿಡಿದಾಗಲೇ ನಾನು ಆ ಟಾರ್ಪಾಲು ಬಿಟ್ಟದ್ದು. ಏನಿಲ್ಲ ಕಣೆ, ಸಿಮೆಂಟು ಕಣ್ಣಿಗೆ ಬಿತ್ತು ಅಂದೆ.

ಚಪ್ಪರದ ದಿನ ಕನ್ವೆನ್ಷನ್ ಹಾಲಿನ ವೇದಿಕೆ ಮೇಲೆ ಸ್ಟೀಲ್ ಬಕೆಟ್ಟು ತಂದಿಟ್ಟರು. ಹೇಳಿದ ಹಾಗೆಯೇ ಮರಳು, ರೇಷ್ಮೆ ಬಟ್ಟೆ, ಸುತ್ತ ಬಣ್ಣದ ದೀಪ. ಚೆನ್ನಾಗೇ ಇತ್ತು. ರಮ್ಯನ ಸೋದರಮಾವ ಅಂದರೆ ನನ್ನ ಮಗ ಮಹೇಶ. ಅತ್ತಿ ಕೊಂಬೆ ಹಿಡಿದು ಮುಂದೆ ಬಂದ. "ತಡಿಯಪ್ಪ" ಅಂದೆ. ಮೊಣಕಾಲು ಹಿಡಿದುಕೊಂಡು ಬಕೆಟ್ಟಿನ ಮುಂದೆ ಕೂತೆ. ಕೋಟಿನ ಹುಡುಗಿ, "ಅಜ್ಜಿ, ಮರಳು ಕೆಳಗೆ ಚೆಲ್ಲದ ಹಾಗೆ..." ಅಂತ ಓಡಿಬಂದಳು. ಚೆಲ್ಲಲ್ಲ ಬಿಡವ್ವ ಅಂದೆ. ಎಲೆ ಅಡಿಕೆ ಚೀಲದಿಂದ ಆ ಚೂರು ತೆಗೆದೆ. ಅಷ್ಟು ವರ್ಷ ಬೆರಳಾಡಿ ಅಂಚು ಸವೆದಿದೆ, ಮೇಲಿನ ಮುಖ ಇನ್ನೂ ಹೊಳೆಯುತ್ತೆ. ಮರಳಿನೊಳಗೆ ಕೈಯಿಳಿಸಿ ತಳ ಸಿಗೋವರೆಗೂ ಒತ್ತಿದೆ.

ರಮ್ಯ ಬಗ್ಗಿ, "ಏನಜ್ಜಿ ಅದು?" ಅಂದಳು.

"ನೆಲ ಕಣವ್ವ" ಅಂದೆ. "ನಿಮ್ಮ ಮುತ್ತಾತ ಮಾಡಿದ್ದು."

ಕೈ ಒರೆಸಿಕೊಂಡು ಮಗನ ಮುಖ ನೋಡಿದೆ. "ಈಗ ಊರಪ್ಪ ಕಂಬ."